ಸಣ್ಣ ಜಾಲತಾಣಕ್ಕೆ ಯಾವ ನಿಯಮ, ಎಷ್ಟು ನಿಯಮ?

ಯಾವುದೇ ಕಸುಬು ಕೆಲವರ ಹವ್ಯಾಸವಾಗಿರುವಷ್ಟು ಕಾಲ ಅದರಲ್ಲಿ ನಿಯಮಗಳು ವಿರಳ. ಅದು ಹಲವರ ಜೀವನೋಪಾಯವಾದೊಡನೆ ನಿಯಮಗಳು ಬೆಳೆಯುತ್ತವೆ, ಅವುಗಳನ್ನು ಬಲ್ಲವರ ಒಂದು ವರ್ಗ ಏರ್ಪಡುತ್ತದೆ, ಕ್ರಮೇಣ ನಿಯಮವನ್ನು ಬಲ್ಲವನೇ ಕಸುಬನ್ನೂ ಬಲ್ಲವನೆಂಬ ಭಾವನೆ ರೂಢಮೂಲವಾಗುತ್ತದೆ. ಜಾಲತಾಣಗಳನ್ನು ಕಟ್ಟುವ ವಿದ್ಯೆ ಹುಟ್ಟಿ ನಾಲ್ಕು ದಶಕಗಳು ತುಂಬುವ ಮೊದಲೇ ಈ ಅವಸ್ಥೆಗಳನ್ನೆಲ್ಲ ದಾಟಿ ಬಂದಿದೆ. ಆ ವೃತ್ತಿಯವರು ‘ಬೆಸ್ಟ್ ಪ್ರಾಕ್ಟೀಸ್’ ಎಂದು ಕರೆಯುವ ಉತ್ತಮ ಪದ್ಧತಿಗಳ ಪಟ್ಟಿ ಇಂದು ಎಷ್ಟು ದೀರ್ಘವಾಗಿದೆಯೆಂದರೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ಹವ್ಯಾಸಿಯ ಉತ್ಸಾಹವೇ ಮುಗಿದುಹೋದೀತು. ಊರಿನ ಚರಿತ್ರೆ, ಸಂಘದ ವರದಿ, ಕವಿಯ ಬಿಡಿಬರಹ ಇವೆಲ್ಲವೂ ಕಾಗದವನ್ನು ಬಿಟ್ಟು ಜಾಲದಲ್ಲಿಯೇ ನೆಲೆಗೊಳ್ಳುತ್ತಿರುವ ಈ ದಿನಗಳಲ್ಲಿ, ಆ ಪಟ್ಟಿಯಲ್ಲಿ ಸಾಮಾನ್ಯನು ಯಾವುದನ್ನು ಪಾಲಿಸತಕ್ಕದ್ದು, ಯಾವುದನ್ನು ಬದಿಗಿಟ್ಟು ಕೆಲಸ ಮುಗಿಸಿಕೊಳ್ಳತಕ್ಕದ್ದು ಎಂಬ ಪ್ರಶ್ನೆ ತಂತ್ರಜ್ಞರ ಕೋಣೆಯಿಂದ ಹೊರಗೆ ಬಂದು ಸಾರ್ವಜನಿಕ ವಿಚಾರಕ್ಕೆ ಅರ್ಹವಾಗಿದೆ.

ಊರಿನ ಗ್ರಂಥಾಲಯದ ಕಾರ್ಯದರ್ಶಿ, ಹವ್ಯಾಸಿ ನಾಟಕ ತಂಡದ ಸಂಚಾಲಕ, ನೇಕಾರರ ಸಹಕಾರ ಸಂಘದ ಗುಮಾಸ್ತೆ, ತಮ್ಮ ತಾಲ್ಲೂಕಿನ ಶಾಸನಗಳ ಚಿತ್ರಗಳನ್ನು ಕೂಡಿಟ್ಟಿರುವ ನಿವೃತ್ತ ಉಪಾಧ್ಯಾಯರು, ಇಂಥವರಲ್ಲಿ ಯಾರಿಗಾದರೂ ಐದಾರು ಪುಟಗಳ ಒಂದು ಜಾಲತಾಣ ಬೇಕಾಯಿತೆನ್ನೋಣ. ಅವರು ಬಲ್ಲವರನ್ನು ಕೇಳಿದರೆ ದೊರಕುವ ಉಪದೇಶ ಎರಡು ಬಗೆಯದು. ಒಂದನೆಯ ಪಕ್ಷದವರು, ಮೊದಲು ಒಂದು ಫ್ರೇಮ್‌ವರ್ಕನ್ನು ಆರಿಸಿಕೊಳ್ಳಬೇಕು, ಗಿಟ್ ಕಲಿಯಬೇಕು, ಸ್ವಯಂಚಾಲಿತ ಪರೀಕ್ಷೆಗಳನ್ನು ಬರೆಯಬೇಕು, ಡೇಟಾಬೇಸನ್ನು ಬೇರೆ ಸರ್ವರಿನಲ್ಲಿ ಇಡಬೇಕು ಎಂದು ಒಂದೇ ಉಸಿರಿಗೆ ಹೇಳಿ, ಕೇಳಿದವನನ್ನು ದಿಗ್ಭ್ರಮೆಗೊಳಿಸುತ್ತಾರೆ. ಎರಡನೆಯ ಪಕ್ಷದವರಿಗೆ ಪುಟ ತಮ್ಮ ಮೊಬೈಲಿನಲ್ಲಿ ಕಂಡರೆ ಸಾಕು. ಅದರಾಚೆಗಿನ ಮಾತೆಲ್ಲ ಅವರ ಪಾಲಿಗೆ ಪಂಡಿತರ ಜಂಬ. ಮೊದಲನೆಯ ಉಪದೇಶವನ್ನು ಕೇಳಿದವನು ಜಾಲತಾಣದ ಆಸೆಯನ್ನೇ ತೊರೆದು ಫೇಸ್‌ಬುಕ್ಕಿನಲ್ಲೊಂದು ಪುಟವನ್ನೋ ವಾಟ್ಸ್ಆ್ಯಪ್‌ನಲ್ಲೊಂದು ಗುಂಪನ್ನೋ ತೆರೆದು ತೃಪ್ತನಾಗುತ್ತಾನೆ. ಎರಡನೆಯದನ್ನು ಕೇಳಿದವನು ತಾಣವನ್ನೇನೋ ಕಟ್ಟುತ್ತಾನೆ, ಆದರೆ ಅದು ತನಗೆ ಮಾತ್ರ ಕಾಣುವಂಥದ್ದು, ನಾಲ್ಕು ವರ್ಷಗಳಲ್ಲಿ ತನಗೂ ಕಾಣದಂತಾಗುವಂಥದ್ದು.

ಈ ಇಬ್ಬರೂ ನಿಯಮಗಳನ್ನೆಲ್ಲ ಒಂದೇ ರಾಶಿಯೆಂದು ಭಾವಿಸಿರುವುದರಿಂದಲೇ ತಪ್ಪಿದ್ದಾರೆಂದು ನನಗೆ ತೋರುತ್ತದೆ. ಒಬ್ಬರು ರಾಶಿಯನ್ನು ಸಮಗ್ರವಾಗಿ ಹೊರಿಸುತ್ತಾರೆ. ಮತ್ತೊಬ್ಬರು ಸಮಗ್ರವಾಗಿ ಎಸೆಯುತ್ತಾರೆ. ವಾಸ್ತವವಾಗಿ ಅದರಲ್ಲಿ ಎರಡು ಜಾತಿಯ ನಿಯಮಗಳಿವೆ. ಕಟ್ಟುವವರ ಅನುಕೂಲಕ್ಕಾಗಿ, ಹತ್ತಾರು ಜನ ಕೂಡಿ ಮಾಡುವ ಕೆಲಸದಲ್ಲಿ ಗೊಂದಲವಾಗದಂತೆ ಮಾಡಿಕೊಂಡ ಏರ್ಪಾಡುಗಳು ಒಂದು ಜಾತಿ. ಓದುವವನ ರಕ್ಷಣೆಗಾಗಿ ಮತ್ತು ಮುಂದೆ ಆ ಕೆಲಸವನ್ನು ವಹಿಸಿಕೊಳ್ಳುವವನ ರಕ್ಷಣೆಗಾಗಿ ಇರುವ ಕಟ್ಟಳೆಗಳು ಇನ್ನೊಂದು ಜಾತಿ. ಮೊದಲನೆಯದನ್ನು ಮುರಿದರೆ ನಷ್ಟ ಮುರಿದವನದೇ. ಎರಡನೆಯದನ್ನು ಮುರಿದರೆ ನಷ್ಟ ಏನೂ ಅರಿಯದ ಮತ್ತೊಬ್ಬನದು. ಹವ್ಯಾಸಿಗೆ ಮೊದಲನೆಯದರಲ್ಲಿ ಪೂರ್ಣ ಸ್ವಾತಂತ್ರ್ಯವಿರಬೇಕು. ಎರಡನೆಯದರಲ್ಲಿ ವೃತ್ತಿಪರನಿಗೆ ಇಲ್ಲದ ವಿನಾಯಿತಿ ಅವನಿಗೂ ಇರಕೂಡದು.

ಮೊದಲು ಸ್ವಾತಂತ್ರ್ಯದ ಮಾತು. ಜಾಲವು ಹುಟ್ಟಿದ್ದೇ ಸಾಮಾನ್ಯ ಬರಹಗಾರನನ್ನು ಕಣ್ಣ ಮುಂದಿಟ್ಟುಕೊಂಡು. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ತಮ್ಮ ಯೋಜನೆಯನ್ನು ಮಂಡಿಸಿ, 1990ರಲ್ಲಿ ಮೊದಲ ಬ್ರೌಸರನ್ನು ರಚಿಸಿದಾಗ, ಅದು ಪುಟಗಳನ್ನು ಓದುವುದಕ್ಕೆ ಮಾತ್ರವಲ್ಲದೆ ಬರೆಯುವುದಕ್ಕೂ ತಿದ್ದುವುದಕ್ಕೂ ಒದಗುವ ಉಪಕರಣವಾಗಿತ್ತು. 1991ರಲ್ಲಿ ಅವರು ವಿವರಿಸಿದ ಎಚ್‌ಟಿಎಂಎಲ್ ಎಂಬ ಪುಟರಚನೆಯ ಭಾಷೆಯಲ್ಲಿ ಇದ್ದ ಸಂಕೇತಗಳು ಸುಮಾರು 18; ಶ್ರದ್ಧೆಯುಳ್ಳವನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದಷ್ಟು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ತಂತ್ರವನ್ನು ಯಾರೂ ಶುಲ್ಕವಿಲ್ಲದೆ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಪದವಿ ಪತ್ರವನ್ನಾಗಲಿ ಪರವಾನಗಿಯನ್ನಾಗಲಿ ಕೇಳದ ಈ ಔದಾರ್ಯದಿಂದಲೇ ವಿದ್ಯಾರ್ಥಿಗಳೂ ಗೃಹಿಣಿಯರೂ ಗುಮಾಸ್ತರೂ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಪುಟಗಳನ್ನು ಬರೆದರು. ಆ ಪುಟಗಳಲ್ಲಿ ಬಹುಪಾಲು ಒರಟಾಗಿದ್ದವು; ಆದರೆ ಅವು ಇಲ್ಲದಿದ್ದರೆ ಜಾಲವು ಭೌತವಿಜ್ಞಾನಿಗಳ ಕಡತಕೋಣೆಯಾಗಿಯೇ ಉಳಿಯುತ್ತಿತ್ತು.

ನಿಯಮಕ್ಕೂ ಕಾರ್ಯಸಾಧನೆಗೂ ನಡೆದ ಮೊದಲ ಘರ್ಷಣೆ ಪುಟದಲ್ಲಿ ಚಿತ್ರವನ್ನು ಸೇರಿಸುವ ಬಗೆಯನ್ನು ಕುರಿತದ್ದು. 1993ರ ಫೆಬ್ರವರಿಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಆಂಡ್ರೀಸನ್ ಎಂಬ ತರುಣನು ಚಿತ್ರಕ್ಕೆಂದು ಒಂದು ಸರಳ ಸಂಕೇತವನ್ನು ಸೂಚಿಸಿದ. ಬರ್ನರ್ಸ್-ಲೀ ಅವರೂ ಇತರ ತಜ್ಞರೂ ಇನ್ನಷ್ಟು ವ್ಯಾಪಕವಾದ, ಚಿತ್ರವಲ್ಲದೆ ಬೇರೆ ವಸ್ತುಗಳಿಗೂ ಒದಗುವ ಮಾರ್ಗಗಳನ್ನು ಮುಂದಿಟ್ಟರು. ಚರ್ಚೆ ನಡೆಯುತ್ತಿದ್ದಂತೆಯೇ ಆಂಡ್ರೀಸನ್ ತನ್ನ ಸಂಕೇತವನ್ನು ಮೊಸಾಯಿಕ್ ಬ್ರೌಸರಿನಲ್ಲಿ ಸೇರಿಸಿ ಲೋಕದ ಕೈಗೆ ಕೊಟ್ಟುಬಿಟ್ಟ. ಲೋಕ ಅದನ್ನು ಒಪ್ಪಿತು. ಇಂದಿಗೂ ಅದೇ ಸಂಕೇತ ನಡೆಯುತ್ತಿದೆ. ಕಾರ್ಯವಾದಿಗಳು ಈ ಪ್ರಸಂಗವನ್ನು ತಮ್ಮ ವಿಜಯವೆಂದು ಎಣಿಸುವುದು ಸಹಜವೇ. ಆದರೆ ಕತೆಯ ಉತ್ತರಾರ್ಧ ಉಂಟು. ಆಂಡ್ರೀಸನ್ನನ ಸೂಚನೆಯಲ್ಲಿ ಚಿತ್ರವು ಎಲ್ಲಿದೆಯೆಂಬುದನ್ನು ಹೇಳುವುದಕ್ಕೆ ಮಾತ್ರ ಎಡೆಯಿತ್ತು. ಚಿತ್ರವನ್ನು ಕಾಣಲಾರದವನಿಗೆ ಅದರಲ್ಲಿ ಏನಿದೆಯೆಂದು ತಿಳಿಸುವುದಕ್ಕೆ ಎಡೆಯಿರಲಿಲ್ಲ. ಚಿತ್ರದ ಬದಲಿಗೆ ಓದಿಕೊಳ್ಳಬಹುದಾದ ನಾಲ್ಕು ಮಾತುಗಳಿಗೆ ಸ್ಥಾನವನ್ನು 1995ರ ಎಚ್‌ಟಿಎಂಎಲ್ 2.0 ಒದಗಿಸಿತು, 1997ರ ಡಿಸೆಂಬರಿನಲ್ಲಿ ಹೊರಬಿದ್ದ 4.0 ಆ ಮಾತುಗಳನ್ನು ಕಡ್ಡಾಯಗೊಳಿಸಿತು. ಸಾಹಸಿಯ ಆತುರ ಲೋಕಕ್ಕೆ ಚಿತ್ರವನ್ನು ಕೊಟ್ಟಿತು. ನಿಯಮಕಾರರ ತಾಳ್ಮೆ ಆ ಲೋಕದಲ್ಲಿ ಅಂಧರಿಗೂ ಪಾಲನ್ನು ಕೊಟ್ಟಿತು.

ಅಲ್ಲಿಂದಾಚೆಗೆ ಹತ್ತು ವರ್ಷಗಳ ಕಾಲ ನಡೆದ ವಿವಾದ ಪುಟದ ವಿನ್ಯಾಸವನ್ನು ಕುರಿತದ್ದು. ಅಂಕಿಅಂಶಗಳ ಕೋಷ್ಟಕಕ್ಕೆಂದು ಬಂದ ಸಂಕೇತಗಳನ್ನು ಜನರು ಪುಟವನ್ನು ಕಂಬಸಾಲುಗಳಾಗಿ ವಿಭಾಗಿಸುವುದಕ್ಕೆ ಬಳಸಿದರು. 1996ರಲ್ಲಿ ಡೇವಿಡ್ ಸೀಗಲ್ ಬರೆದ ಪುಸ್ತಕವೊಂದು ಈ ಉಪಾಯವನ್ನು ಕಲೆಯ ಮಟ್ಟಕ್ಕೆ ಏರಿಸಿತು. ಮರುವರ್ಷವೇ ಆ ಗ್ರಂಥಕರ್ತನು, ಜಾಲವನ್ನು ಕೆಡಿಸಿದವನು ತಾನೇ ಎಂದು ಬಹಿರಂಗವಾಗಿ ಬರೆದ. ವಿನ್ಯಾಸಕ್ಕೆಂದೇ ರೂಪುಗೊಂಡ ಸಿಎಸ್‌ಎಸ್ 1996ರ ಡಿಸೆಂಬರಿನಲ್ಲಿಯೇ ಶಿಫಾರಸಾಗಿತ್ತಾದರೂ ಅಂದಿನ ಬ್ರೌಸರುಗಳು ಅದನ್ನು ಒಂದೊಂದು ಒಂದೊಂದು ರೀತಿಯಲ್ಲಿ ಅರ್ಥೈಸುತ್ತಿದ್ದುದರಿಂದ, ಕೋಷ್ಟಕವನ್ನು ಹಿಡಿದ ಹವ್ಯಾಸಿಯನ್ನು ದೂಷಿಸುವುದು ನ್ಯಾಯವಲ್ಲ. ಬ್ರೌಸರುಗಳ ನಿರ್ಮಾಪಕರನ್ನು ದಾರಿಗೆ ತರುವುದಕ್ಕಾಗಿ 1998ರಲ್ಲಿ ಹುಟ್ಟಿದ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಕೂಟವು ಮಾಡಿದ ಕೆಲಸ ಸ್ತುತ್ಯವಾದದ್ದು. ಅದೇ ಹೊತ್ತಿಗೆ ನಿಯಮಪ್ರೀತಿ ಅತಿರೇಕಕ್ಕೂ ಹೋಯಿತು. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಎಂಬ ಕಟ್ಟುನಿಟ್ಟಿನ ಭಾಷೆಯನ್ನು ಅದರ ವಿಧಿಯಂತೆಯೇ ಬಳಸಿದರೆ, ಒಂದು ಸಂಕೇತವನ್ನು ಮುಚ್ಚಲು ಮರೆತ ಮಾತ್ರಕ್ಕೆ ಇಡೀ ಪುಟದ ಬದಲು ದೋಷದ ಸೂಚನೆ ಕಾಣಿಸಿಕೊಳ್ಳುತ್ತಿತ್ತು. ಬರೆದವನ ಸಣ್ಣ ತಪ್ಪಿಗೆ ಓದುವವನನ್ನು ದಂಡಿಸುವ ಈ ವ್ಯವಸ್ಥೆಯನ್ನು ಲೋಕ ಮನಸಾ ಒಪ್ಪಲಿಲ್ಲ. ಅದರ ಎರಡನೆಯ ಆವೃತ್ತಿಯ ಕಾರ್ಯ 2009ರಲ್ಲಿ ನಿಂತುಹೋಯಿತು.

ಅದರ ಸ್ಥಾನಕ್ಕೆ ಬಂದು 2014ರಲ್ಲಿ ಅಧಿಕೃತವಾದ ಎಚ್‌ಟಿಎಂಎಲ್5 ಹಿಡಿದ ಮಾರ್ಗ ನಮಗೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಪೂರ್ವಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿಟ್ಟುಕೊಂಡು ಲಕ್ಷಣವನ್ನು ಹೇಳಿದ. ಎಚ್‌ಟಿಎಂಎಲ್5ರ ರಚಕರೂ ಜನರು ಅದಾಗಲೇ ಬರೆಯುತ್ತಿದ್ದ ಪುಟಗಳನ್ನು ಪರಿಶೀಲಿಸಿ, ರೂಢಿಯಲ್ಲಿ ನೆಲೆನಿಂತದ್ದನ್ನು ನಿಯಮವಾಗಿ ಸ್ವೀಕರಿಸಿ, ತಪ್ಪಾಗಿ ಬರೆದ ಪುಟವನ್ನೂ ಎಲ್ಲ ಬ್ರೌಸರುಗಳು ಒಂದೇ ರೀತಿಯಲ್ಲಿ ಹೇಗೆ ಓದಿಕೊಳ್ಳಬೇಕೆಂದು ವಿಧಿಸಿದರು. ಅವರು 2007ರಲ್ಲಿ ಪ್ರಕಟಿಸಿದ ಆಶಯಗಳಲ್ಲಿ ಒಂದು ಬಹು ಮುಖ್ಯವಾದದ್ದು. ಹಿತಗಳು ಪರಸ್ಪರ ವಿರೋಧಿಸಿದಾಗ ಓದುಗನದು ಮೊದಲು, ಪುಟ ಬರೆಯುವವನದು ಅನಂತರ, ಬ್ರೌಸರ್ ನಿರ್ಮಿಸುವವನದು ಮೂರನೆಯದು, ನಿಯಮ ರಚಿಸುವವನದು ನಾಲ್ಕನೆಯದು; ಸಿದ್ಧಾಂತದ ಶುದ್ಧಿಗೆ ಕಡೆಯ ಸ್ಥಾನ. ನಿಯಮಗಳನ್ನು ಮಾಡುವವರೇ ತಮ್ಮನ್ನು ತಾವು ಸಾಲಿನ ತುದಿಯಲ್ಲಿ ನಿಲ್ಲಿಸಿಕೊಂಡ ಈ ವಿನಯವನ್ನು ಹವ್ಯಾಸಿಗಳಿಗೆ ಬುದ್ಧಿ ಹೇಳುವವರು ಸ್ವಲ್ಪ ರೂಢಿಸಿಕೊಳ್ಳುವುದು ಒಳ್ಳೆಯದು.

ಏಕೆಂದರೆ ಇಂದು ಉತ್ತಮ ಪದ್ಧತಿಗಳೆಂದು ಪ್ರಚಾರದಲ್ಲಿರುವ ಹಲವು ವಿಧಿಗಳು ಓದುಗನ ಹಿತದಿಂದ ಹೊರಟವಲ್ಲ. ಬೃಹತ್ ಸಂಸ್ಥೆಗಳ ಅಗತ್ಯದಿಂದ ಹೊರಟವು. ಫೇಸ್‌ಬುಕ್ ಸಂಸ್ಥೆ 2013ರಲ್ಲಿ ರಿಯಾಕ್ಟ್ ಎಂಬ ಸಾಧನವನ್ನು ಬಿಡುಗಡೆ ಮಾಡಿದ್ದು, ಕ್ಷಣಕ್ಷಣಕ್ಕೂ ಬದಲಾಗುವ ಪರದೆಗಳನ್ನು ನೂರಾರು ಎಂಜಿನಿಯರುಗಳು ಏಕಕಾಲದಲ್ಲಿ ಕಟ್ಟುವಾಗ ಉಂಟಾಗುವ ತೊಡಕನ್ನು ಬಿಡಿಸಿಕೊಳ್ಳುವುದಕ್ಕೆ. ಅಂಥ ತೊಡಕುಳ್ಳವರಿಗೆ ಅದು ಉಪಕಾರಿಯಾದ ಸಾಧನವೇ ಸರಿ. ಆದರೆ ಗ್ರಂಥಾಲಯ ತೆರೆಯುವ ವೇಳೆಯನ್ನೂ ಹೊಸ ಪುಸ್ತಕಗಳ ಪಟ್ಟಿಯನ್ನೂ ತಿಳಿಸುವ ಪುಟಕ್ಕೆ ಅದನ್ನು ವಿಧಿಸುವುದು, ನಾಲ್ವರ ಮನೆಯಲ್ಲಿ ಸಾರು ಕಾಯಿಸುವುದಕ್ಕೆ ಮದುವೆಯ ಕೊಪ್ಪರಿಗೆಯನ್ನು ಒಲೆಗೇರಿಸಿದಂತೆ. ಅಡುಗೆಭಟ್ಟರ ತಂಡಕ್ಕೆ ಬೇಕಾದ ಸಟ್ಟುಗ, ಕೊಳಗ, ಸಾಮಾನಿನ ಚೀಟಿ ಇವೊಂದೂ ಮನೆಯೊಡತಿಗೆ ಬೇಡ. ಅಕ್ಕಿಯ ಕಲ್ಲನ್ನು ಆರಿಸುವ ಕೆಲಸ ಮಾತ್ರ ಮದುವೆಯ ಛತ್ರದಲ್ಲಿ ಎಷ್ಟು ಅಗತ್ಯವೋ ಮನೆಯ ಅಡುಗೆಯಲ್ಲಿಯೂ ಅಷ್ಟೇ ಅಗತ್ಯ, ಏಕೆಂದರೆ ಕಲ್ಲು ಸಿಕ್ಕುವುದು ಉಣ್ಣುವವನ ಹಲ್ಲಿಗೆ.

ದೊಡ್ಡವರ ಸಾಧನಗಳಿಗೆ ಇನ್ನೊಂದು ದೋಷವಿದೆ. ಅವು ನಿರಂತರ ಪರಿಚಾರಿಕೆಯನ್ನು ಬೇಡುತ್ತವೆ. ಅನ್ಯರು ರಚಿಸಿದ ನೂರಾರು ತುಣುಕುಗಳನ್ನು ಕೂಡಿಸಿ ಕಟ್ಟಿದ ತಾಣವನ್ನು ಎರಡು ವರ್ಷ ಮುಟ್ಟದೆ ಬಿಟ್ಟು, ಮತ್ತೆ ಒಂದು ವಾಕ್ಯವನ್ನು ತಿದ್ದಲು ಹೊರಟರೆ, ಆ ತುಣುಕುಗಳಲ್ಲಿ ಕೆಲವು ಹಳತಾಗಿ, ಕೆಲವು ಕಣ್ಮರೆಯಾಗಿ, ಕಟ್ಟಡವೇ ಮೇಲೇಳದ ಸ್ಥಿತಿ ಒದಗುವುದುಂಟು. ವರ್ಡ್‌ಪ್ರೆಸ್ಸಿನಂಥ ಜನಪ್ರಿಯ ವ್ಯವಸ್ಥೆಯಲ್ಲಿಯೂ, ಕಂಡಕಂಡ ಪ್ಲಗಿನ್‌ಗಳನ್ನು ಪೇರಿಸಿಕೊಂಡು ಅವನ್ನು ನವೀಕರಿಸದೆ ಬಿಟ್ಟವನ ತಾಣಕ್ಕೆ ದುಷ್ಕರ್ಮಿಗಳು ನುಗ್ಗುವ ಅಪಾಯ ಸದಾ ಇದ್ದೇ ಇರುತ್ತದೆ. ಇತ್ತ ಸರಳವಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟದ ಆಯುಸ್ಸನ್ನು ನೋಡಿ: ಜಗತ್ತಿನ ಮೊದಲ ಜಾಲತಾಣವನ್ನು ಸರ್ನ್ ಸಂಸ್ಥೆ 2013ರಲ್ಲಿ ಅದರ ಮೂಲ ವಿಳಾಸದಲ್ಲಿಯೇ ಪುನಃ ಪ್ರತಿಷ್ಠಾಪಿಸಿತು, ಇಂದಿನ ಮೊಬೈಲಿನಲ್ಲಿಯೂ ಅದು ನಿರಾತಂಕವಾಗಿ ತೆರೆದುಕೊಳ್ಳುತ್ತದೆ. ಹಣದ ಅಭಾವವೆಂದರೇನೆಂದೇ ಅರಿಯದ ಬರ್ಕ್‌ಷೈರ್ ಹ್ಯಾಥವೇ ಸಂಸ್ಥೆಯ ತಾಣ ಯಾವ ಶೃಂಗಾರವೂ ಇಲ್ಲದ ಕೊಂಡಿಗಳ ಒಂದು ಪಟ್ಟಿ. ಸಿಬ್ಬಂದಿಯಿಲ್ಲದ ಹವ್ಯಾಸಿಯ ಪಾಲಿಗೆ ಮುಟ್ಟದಿದ್ದರೂ ಕೆಡದಿರುವ ಗುಣವೇ ಪರಮಗುಣವೆಂದಮೇಲೆ, ಸರಳತೆಯೇ ಅವನಿಗೆ ಉತ್ತಮ ಪದ್ಧತಿ.

ಇಷ್ಟು ಹೇಳಿದಮೇಲೆ ‘ಕಂಡರೆ ಸಾಕು’ ಎನ್ನುವ ಪಕ್ಷದವರು ತಮ್ಮ ವಾದ ಗೆದ್ದಿತೆಂದು ಹಿಗ್ಗಬಾರದು. ಆ ಧೋರಣೆಯಿಂದ ಏನಾಗುತ್ತದೆಂಬುದಕ್ಕೆ ಕನ್ನಡಿಗರಾದ ನಾವು ದೂರ ಹೋಗಿ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ. ನಮ್ಮ ಲಿಪಿಯ ಕತೆಯೇ ಸಾಕು. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ವನ್ನು ಆರಂಭಿಸಿದಾಗ, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಾಗ, ಗಣಕದೊಳಗೆ ಕನ್ನಡಕ್ಕೆ ನಿಜವಾದ ಸ್ಥಾನವಿರಲಿಲ್ಲ. 1991ರ ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದರೂ, ಸಾಮಾನ್ಯರ ಕೈಗೆ ಸಿಕ್ಕುವ ವಿಂಡೋಸ್ ವ್ಯವಸ್ಥೆಯಲ್ಲಿ ಅದಕ್ಕೆ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಅಲ್ಲಿಯವರೆಗೆ ಇದ್ದ ಉಪಾಯ ಒಂದೇ: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಖಂಡಗಳನ್ನು ಚಿತ್ರಿಸಿದ ಫಾಂಟುಗಳನ್ನು ಬಳಸುವುದು. ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಗಣಕ ಮಾತ್ರ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಎಂದೇ ಬಗೆದಿತ್ತು. ಅಂದಿನ ಸ್ಥಿತಿಯಲ್ಲಿ ಇದು ಯುಕ್ತವಾದ ಉಪಾಯವೇ. ಶಿಷ್ಟತೆಗೆ ಬೆಂಬಲ ಬರಲೆಂದು ಕಾದು ಕುಳಿತಿದ್ದರೆ ಕನ್ನಡ ಜಾಲಕ್ಕೆ ಬರುವುದೇ ಐದು ವರ್ಷ ತಡವಾಗುತ್ತಿತ್ತು. ಆ ಹಿರಿಯರ ಸಾಹಸವನ್ನು ಕೃತಜ್ಞತೆಯಿಂದಲೇ ನೆನೆಯತಕ್ಕದ್ದು.

ಅನರ್ಥ ಉಂಟಾದದ್ದು ಉಪಾಯದಿಂದಲ್ಲ. ಅಗತ್ಯ ತೀರಿದ ಮೇಲೂ ಉಪಾಯವನ್ನೇ ಹಿಡಿದು ಕುಳಿತದ್ದರಿಂದ. ಯೂನಿಕೋಡ್ ಎಲ್ಲೆಡೆ ಲಭ್ಯವಾದ ಬಹುಕಾಲದ ಮೇಲೂ, ಮುದ್ರಣಕ್ಕೆಂದು ಹಳೆಯ ಫಾಂಟುಗಳಲ್ಲಿ ಜೋಡಿಸಿದ ಬರಹವನ್ನು ಹಾಗೆಯೇ ತಾಣಕ್ಕೆ ಏರಿಸುವ ಅಭ್ಯಾಸ ಸಂಘಸಂಸ್ಥೆಗಳಲ್ಲಿ ಮುಂದುವರಿಯಿತು. ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಅಂಥ ಪುಟವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಹುಡುಕುಯಂತ್ರದಲ್ಲಿ ಕವಿಯ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಆ ಪುಟ ಸಿಕ್ಕುವುದಿಲ್ಲ. ದೃಷ್ಟಿಯಿಲ್ಲದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅದನ್ನು ಕನ್ನಡವೆಂದು ಗುರುತಿಸಲಾರದು. ಇದಕ್ಕೆ ಪ್ರತಿಯಾಗಿ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಗಮನಿಸಿ. ಅದನ್ನು ಕಟ್ಟಿದವರೂ ಸಂಬಳವಿಲ್ಲದ ಹವ್ಯಾಸಿಗಳೇ. ಆ ದಿನಗಳಲ್ಲಿ ಹಲವರ ಯಂತ್ರಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ನೆಟ್ಟಗೆ ಮೂಡದಿದ್ದರೂ ಅವರು ಶಿಷ್ಟತೆಯನ್ನು ಬಿಡಲಿಲ್ಲ. ಅಂದು ಪಟ್ಟ ಕಷ್ಟದ ಫಲವಾಗಿ ಅಂದಿನ ವಾಕ್ಯವೂ ಇಂದಿನ ಮೊಬೈಲಿನಲ್ಲಿ ಅಕ್ಷರಶಃ ಓದಿಗೆ ದೊರೆಯುತ್ತದೆ. ಸಹಸ್ರಾರು ವಚನಗಳನ್ನು ಪದಪದವಾಗಿ ಹುಡುಕಲು ಅನುವುಮಾಡಿರುವ ‘ವಚನ ಸಂಚಯ’ ಸಾಧ್ಯವಾದದ್ದು, ಹಳೆಯ ಸಂಕೇತದಲ್ಲಿದ್ದ ಪಠ್ಯವನ್ನು ಸ್ವಯಂಸೇವಕರು ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ. ಇಬ್ಬರೂ ಹವ್ಯಾಸಿಗಳಾಗಿದ್ದು, ಒಬ್ಬನ ಶ್ರಮ ಉಳಿದು ಮತ್ತೊಬ್ಬನದು ಮಣ್ಣುಪಾಲಾದದ್ದಕ್ಕೆ ಪಾಂಡಿತ್ಯದ ಹೆಚ್ಚುಕಡಿಮೆ ಕಾರಣವಲ್ಲ. ಓದುಗನನ್ನು ಕಾಯುವ ಒಂದು ನಿಯಮವನ್ನು ಒಬ್ಬ ಪಾಲಿಸಿದ, ಮತ್ತೊಬ್ಬ ಅದನ್ನು ಅನವಶ್ಯಕ ತೊಡಕೆಂದು ಬಗೆದ.

ಲಿಪಿಯ ಮಾತು ಮುಗಿದಿದ್ದರೂ ಅದೇ ದೋಷ ಬೇರೆ ವೇಷದಲ್ಲಿ ನಮ್ಮ ನಡುವೆ ಇದೆ. ಸಭೆಯ ಆಹ್ವಾನವನ್ನೂ ಪ್ರಕಟಣೆಯನ್ನೂ ಕಡೆಗೆ ಇಡೀ ಲೇಖನವನ್ನೂ ಒಂದು ಚಿತ್ರವಾಗಿ ಮಾಡಿ ತಾಣದಲ್ಲಿ ಅಂಟಿಸುವುದು ಈಗಿನ ವಾಡಿಕೆ. ಬಣ್ಣದ ಅಂಚು, ಅಲಂಕಾರದ ಅಕ್ಷರ, ಎಲ್ಲವೂ ಸೊಗಸೇ; ಆದರೆ ಅದರೊಳಗಿನ ಮಾತನ್ನು ಹುಡುಕುವಂತಿಲ್ಲ, ಹಿಗ್ಗಿಸಿದರೆ ಮಸುಕಾಗುತ್ತದೆ, ಅಂಧನ ಪಾಲಿಗೆ ಅದು ಖಾಲಿ ಹಾಳೆ. ವಿಷಯವನ್ನು ಅಕ್ಷರಗಳಲ್ಲಿಯೇ ಬರೆಯುವುದು, ಚಿತ್ರವಿದ್ದಲ್ಲಿ ಅದನ್ನು ವರ್ಣಿಸುವ ಒಂದು ವಾಕ್ಯವನ್ನು ಸೇರಿಸುವುದು, ದಪ್ಪಕ್ಷರದಿಂದ ಶೀರ್ಷಿಕೆಯ ಭ್ರಮೆಯನ್ನು ಹುಟ್ಟಿಸದೆ ಶೀರ್ಷಿಕೆಯ ಸಂಕೇತವನ್ನೇ ಬಳಸುವುದು, ಪುಟದ ಭಾಷೆ ಕನ್ನಡವೆಂದು ಮೊದಲ ಸಾಲಿನಲ್ಲಿಯೇ ಸೂಚಿಸುವುದು, ಮೊಬೈಲಿನ ಕಿರಿದಾದ ಪರದೆಗೆ ಪುಟ ಹೊಂದಿಕೊಳ್ಳುವಂತೆ ಮಾಡುವುದು, ಕ್ಯಾಮರಾದಿಂದ ಬಂದ ಹಲವು ಎಂಬಿ ತೂಕದ ಛಾಯಾಚಿತ್ರಗಳನ್ನು ಕುಗ್ಗಿಸಿ ಏರಿಸುವುದು, ಇವು ಓದುಗನಿಗೆ ಸಲ್ಲತಕ್ಕ ಕನಿಷ್ಠ ಮರ್ಯಾದೆ. ಮಲೆನಾಡಿನ ಸಿಗ್ನಲ್ ಸರಿಯಾಗಿ ಸಿಗದ ಊರಿನಲ್ಲಿ ಕುಳಿತವನೂ ಓದುಗನೇ ಎಂಬುದನ್ನು ಬೆಂಗಳೂರಿನ ವೇಗದ ಸಂಪರ್ಕದಲ್ಲಿ ಪುಟವನ್ನು ಪರೀಕ್ಷಿಸುವವನು ಮರೆಯುವಂತಿಲ್ಲ. ತಾಣದ ವಿಳಾಸಕ್ಕೆ ಎಚ್‌ಟಿಟಿಪಿಎಸ್ ರಕ್ಷಣೆಯನ್ನು ಒದಗಿಸುವುದಕ್ಕೆ ಒಂದು ಕಾಲದಲ್ಲಿ ಹಣ ತೆರಬೇಕಾಗಿತ್ತು. 2015ರ ಕಡೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಉಚಿತವಾಗಿ ಕೊಡಲಾರಂಭಿಸಿದ ಮೇಲೆ ಆ ನೆಪವೂ ಉಳಿದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಹೊಣೆ ಅನ್ಯರ ಖಾಸಗಿ ಮಾಹಿತಿಯನ್ನು ಕುರಿತದ್ದು. ಸಂಘದ ಸದಸ್ಯತ್ವಕ್ಕೆಂದು ತಾಣದಲ್ಲಿ ಒಂದು ಅರ್ಜಿಯನ್ನಿಟ್ಟು, ಅದರಲ್ಲಿ ಜನ್ಮದಿನಾಂಕ, ವಿಳಾಸ, ದೂರವಾಣಿ, ಆಧಾರ್ ಸಂಖ್ಯೆ ಎಲ್ಲವನ್ನೂ ಕೇಳಿ, ಬಂದ ಉತ್ತರಗಳನ್ನು ಯಾರು ಬೇಕಾದರೂ ತೆರೆಯಬಹುದಾದ ಕಡತದಲ್ಲಿ ಇಟ್ಟುಬಿಡುವವರಿದ್ದಾರೆ. ಇಲ್ಲಿ ‘ಸಣ್ಣ ತಾಣ, ಯಾರು ನೋಡುತ್ತಾರೆ’ ಎಂಬ ಸಮಾಧಾನ ನಡೆಯದು; ಕಳ್ಳರು ತಾಣದ ಗಾತ್ರವನ್ನು ನೋಡುವುದಿಲ್ಲ, ಬಾಗಿಲುಗಳನ್ನು ತಳ್ಳಿ ನೋಡುವ ಅವರ ಯಂತ್ರಗಳಿಗೆ ಎಲ್ಲ ತಾಣಗಳೂ ಸಮಾನ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು ಸಂಸತ್ತು 2023ರಲ್ಲಿ ಕಾಯಿದೆಯನ್ನೇ ಮಾಡಿದೆ. ಹವ್ಯಾಸಿಗೆ ಇಲ್ಲಿ ಸುಲಭವಾದ, ಅತ್ಯಂತ ವ್ಯಾವಹಾರಿಕವಾದ ಮಾರ್ಗವೊಂದಿದೆ: ಬೇಕಿಲ್ಲದ್ದನ್ನು ಕೇಳದಿರುವುದು. ಕೂಡಿಡದ ಮಾಹಿತಿ ಸೋರುವುದಿಲ್ಲ. ಅರ್ಜಿಯನ್ನು ಕಾಗದದಲ್ಲಿ ಪಡೆಯುವ ಹಳೆಯ ಕ್ರಮದಿಂದ ಸಂಘದ ಗೌರವಕ್ಕೆ ಕುಂದಿಲ್ಲ.

ಮುಂದೆ ಬರುವವನ ಹಿತವನ್ನು ಕಾಯುವ ನಿಯಮಗಳಲ್ಲಿ ಹೆಚ್ಚಿನವು ತಂತ್ರಜ್ಞಾನಕ್ಕೆ ಸೇರಿದವೇ ಅಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2013ರಲ್ಲಿ ಇದ್ದ ಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷಗಳ ಅನಂತರ ತೆರೆಯಲು ಸಿಕ್ಕಲಿಲ್ಲ. ಸಣ್ಣ ತಾಣಗಳು ಅಳಿಯುವ ಬಗೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಡೊಮೇನ್ ಹೆಸರನ್ನು ಉತ್ಸಾಹಿ ತರುಣನೊಬ್ಬ ತನ್ನ ಸ್ವಂತ ಇಮೇಲಿನಿಂದ ಕೊಂಡಿರುತ್ತಾನೆ. ಅವನು ಉದ್ಯೋಗಕ್ಕೆಂದು ಪರಸ್ಥಳಕ್ಕೆ ಹೋಗುತ್ತಾನೆ. ನವೀಕರಣದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬರುತ್ತದೆ. ವರ್ಷಕ್ಕೊಮ್ಮೆ ಕಟ್ಟಬೇಕಾದ ಅಲ್ಪ ಹಣ ಕಟ್ಟದೆ ಹೋಗಿ, ಹೆಸರು ಮತ್ತಾರದೋ ಪಾಲಾಗುತ್ತದೆ. ಡೊಮೇನನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದು, ಪಾಸ್‌ವರ್ಡು ಇಬ್ಬರು ಪದಾಧಿಕಾರಿಗಳಿಗಾದರೂ ತಿಳಿದಿರುವುದು, ತಾಣದ ಪ್ರತಿಯೊಂದನ್ನು ಬೇರೆಡೆ ಇಟ್ಟಿರುವುದು, ಪ್ರತಿ ಪುಟದಲ್ಲಿಯೂ ಬರೆದ ದಿನಾಂಕವಿರುವುದು, ಇವಕ್ಕೆ ಬೇಕಾದದ್ದು ಒಂದು ನಿರ್ಣಯಪುಸ್ತಕ ಮತ್ತು ಸ್ವಲ್ಪ ಶಿಸ್ತು. ಇವನ್ನು ಕೈಬಿಟ್ಟು ಸಾಮಾಜಿಕ ಜಾಲಗಳಂಥ ಅನ್ಯರ ನೆಲದ ಆಶ್ರಯಕ್ಕೆ ಹೋದವರ ಸ್ಥಿತಿಯೂ ಭದ್ರವಲ್ಲ. ಹವ್ಯಾಸಿಗಳಿಗೆ ಉಚಿತವಾಗಿ ಸ್ಥಳ ಕೊಡುತ್ತಿದ್ದ ಜಿಯೋಸಿಟೀಸನ್ನು ಯಾಹೂ ಸಂಸ್ಥೆ 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿತು. ಸಂಗ್ರಾಹಕರ ತಂಡಗಳು ಧಾವಿಸಿ ಉಳಿಸಿಕೊಂಡಷ್ಟೇ ಉಳಿಯಿತು.

ಇಲ್ಲಿ ಒಂದು ಆಕ್ಷೇಪ ಬಂದೀತು. ಯಾವ ನಿಯಮ ಯಾರ ಹಿತಕ್ಕಾಗಿ ಇದೆಯೆಂಬುದನ್ನು ಬಲ್ಲವನು ವೃತ್ತಿಪರನೇ ಹೊರತು ಹವ್ಯಾಸಿಯಲ್ಲ. ಆದ್ದರಿಂದ ಅವನು ಎಲ್ಲವನ್ನೂ ಪಾಲಿಸುವುದೇ ಕ್ಷೇಮವಲ್ಲವೆ? ವಾದದಲ್ಲಿ ಸತ್ಯಾಂಶವಿದೆ, ಆದರೆ ಅನುಭವ ಅದಕ್ಕೆ ಒತ್ತಾಸೆಯಾಗಿಲ್ಲ. ಎಲ್ಲವನ್ನೂ ಪಾಲಿಸೆಂದು ಹೇಳಿಸಿಕೊಂಡವನು ಕಷ್ಟವಾದದ್ದನ್ನು ಹಿಡಿದು ಬಸವಳಿದು ಸುಲಭವಾದದ್ದನ್ನು ಮರೆಯುತ್ತಾನೆ. ಅತ್ಯಾಧುನಿಕ ಫ್ರೇಮ್‌ವರ್ಕಿನಿಂದ ಕಟ್ಟಿದ ತಾಣಗಳಲ್ಲಿಯೇ ಚಿತ್ರಕ್ಕೆ ವಿವರಣೆಯಿಲ್ಲದಿರುವುದೂ ಗುಂಡಿಗಳು ಕೀಲಿಮಣೆಗೆ ಎಟುಕದಿರುವುದೂ ಅಪರೂಪವಲ್ಲ. ಮೇಲೆ ಹೇಳಿದ ಎರಡು ಜಾತಿಯ ನಿಯಮಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಕಟ್ಟುವವರ ಅನುಕೂಲದ ನಿಯಮಗಳು ಅಸಂಖ್ಯ, ದುಬಾರಿ, ಎರಡು ವರ್ಷಕ್ಕೊಮ್ಮೆ ಬದಲಾಗತಕ್ಕವು. ಓದುಗನನ್ನು ಕಾಯುವ ನಿಯಮಗಳು ಬೆರಳೆಣಿಕೆಯವು, ಬಹುಮಟ್ಟಿಗೆ ಖರ್ಚಿಲ್ಲದವು, ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಹೆಚ್ಚು ಬದಲಾಗದವು. ಅಂಗವಿಕಲರಿಗೆ ಜಾಲವನ್ನು ಎಟುಕಿಸುವ ಮಾರ್ಗಸೂಚಿಯ ಮೊದಲ ಆವೃತ್ತಿ 1999ರಲ್ಲಿ ಬಂದಾಗ ಅದರ ಮೊದಲ ವಿಧಿ ಚಿತ್ರಕ್ಕೂ ಧ್ವನಿಗೂ ಬದಲಿ ಪಠ್ಯವ್ಯವಸ್ಥೆಯಿರಬೇಕೆಂಬುದಾಗಿತ್ತು. ಈಗಿನ ಆವೃತ್ತಿಯಲ್ಲಿಯೂ ಮೊದಲು ಬರುವುದು ಅದೇ.

ಆದಕಾರಣ ಹವ್ಯಾಸಿಗೆ ಬುದ್ಧಿ ಹೇಳಬಯಸುವ ವೃತ್ತಿಪರರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಪಟ್ಟಿಯನ್ನು ಕೊಡುವ ಮುನ್ನ ಅದನ್ನು ಎರಡಾಗಿ ವಿಭಾಗಿಸಿ, ಓದುಗನಿಗೂ ಉತ್ತರಾಧಿಕಾರಿಗೂ ಸಲ್ಲುವ ಮೇಲಿನ ಕೆಲವು ವಿಧಿಗಳನ್ನು ಮೊದಲು ಹೇಳಿ, ಉಳಿದವುಗಳನ್ನು ತಾಣ ಬೆಳೆದು ಅಗತ್ಯ ಬಿದ್ದ ದಿನ ಹೇಳಿದರಾಯಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಯಾರೂ ಬಳಸದ ಮಾರಾಟಮಳಿಗೆಗಳ ಮಾದರಿಗಳನ್ನು ಕಟ್ಟಿಸುವುದಕ್ಕಿಂತ, ಹತ್ತಿರದ ಗ್ರಂಥಾಲಯದ ಅಥವಾ ಶಾಲೆಯ ತಾಣವೊಂದನ್ನು ಈ ವಿಧಿಗಳಂತೆ ಸರಿಪಡಿಸಿಕೊಡುವ ಕೆಲಸಕ್ಕೆ ಅಂಕ ಕೊಟ್ಟರೆ, ವಿದ್ಯಾರ್ಥಿಗೆ ಓದುಗನ ಪರಿಚಯವಾದೀತು, ಊರಿಗೂ ಉಪಕಾರವಾದೀತು. ಹವ್ಯಾಸಿಗಳಲ್ಲಿ ನನ್ನ ಮಾತು ಇನ್ನೂ ಚಿಕ್ಕದು. ನಿಮ್ಮ ತಾಣ ವೃತ್ತಿಪರರ ಕಣ್ಣಿಗೆ ಹೇಗೆ ಕಾಣುತ್ತದೆಂಬ ಸಂಕೋಚವನ್ನು ಬಿಟ್ಟುಬಿಡಿ. ಕೋಷ್ಟಕದಿಂದ ವಿನ್ಯಾಸ ಮಾಡಿದ್ದೀರೆಂದು ಯಾರಾದರೂ ನಕ್ಕರೆ ನಗಲಿ. ಒಂದು ನಿಯಮವನ್ನು ಬಿಡುವ ಮೊದಲು, ಇದನ್ನು ಬಿಟ್ಟದ್ದರ ತೊಂದರೆ ಯಾರ ತಲೆಯ ಮೇಲೆ ಬೀಳುತ್ತದೆಂದು ಮಾತ್ರ ಕೇಳಿಕೊಳ್ಳಿ. ನಿಮ್ಮ ತಲೆಯ ಮೇಲೆಯೇ ಆದರೆ ಧಾರಾಳವಾಗಿ ಬಿಡಿ. ನಿಮ್ಮನ್ನು ನಂಬಿ ಪುಟ ತೆರೆದವನ ಮೇಲೋ ನಾಳೆ ನಿಮ್ಮ ಕುರ್ಚಿಯಲ್ಲಿ ಕೂರುವವನ ಮೇಲೋ ಆದರೆ, ಅದನ್ನು ಬಿಡುವ ಅಧಿಕಾರ ನಿಮಗಿಲ್ಲ.